ಕಂಡಕ್ಟರ್ ತಾತನ ಚಿಲಕ

ಮಂಡಿನೋವು ಮಂಡಿಯಲ್ಲೇ ಇದ್ದಿದ್ದರೆ ಕಂಡಕ್ಟರ್ ತಾತನ ನೆಮ್ಮದಿ ಹಾಳಾಗುತ್ತಿರಲಿಲ್ಲ. ಅದನ್ನು ಡಾಕ್ಟರ ಬಳಿಗೆ ಒಯ್ದದ್ದೇ ತಪ್ಪಾಯಿತು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ.

ಡಾಕ್ಟರು ಮಂಡಿಯನ್ನು ಎರಡು ಸಲ ಒತ್ತಿ, "ಯಜಮಾನ್ರೇ, ದಿನಕ್ಕೆ ಎಷ್ಟು ಜನರ ಹತ್ರ ಮಾತಾಡ್ತೀರಿ?" ಎಂದು ಕೇಳಿದರು.

"ದೇವರ ದಯೆ, ಯಾರ ಹತ್ರಾನೂ ಇಲ್ಲ," ಎಂದ ತಾತ ಹೆಮ್ಮೆಯಿಂದ.

ಹೆಮ್ಮೆಗೆ ಕಾರಣವಿತ್ತು. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ಜನರ ಮೊಣಕೈ ತಿವಿತ, ಕೂಸುಗಳ ಅಳು, ನಿದ್ದೆ ಹೊಡೆದು ಸ್ಟಾಪು ತಪ್ಪಿಸಿಕೊಂಡವರ ಬೈಗುಳ ಎಲ್ಲವನ್ನೂ ಸಹಿಸಿದ್ದ. ನಿವೃತ್ತನಾದ ದಿನವೇ ಮನೆಯ ಹಿಂದಿನ ಕೋಣೆಗೆ ಒಳಗಡೆಯಿಂದ ದಪ್ಪನೆಯ ಹಿತ್ತಾಳೆ ಚಿಲಕ ಹಾಕಿಸಿಕೊಂಡ. ಒಂದು ಆರಾಮಕುರ್ಚಿ, ಒಂದು ಕಿಟಕಿ, ಒಂದು ಚಿಲಕ. ಬೇರೆಯವರು ಸತ್ತ ಮೇಲೆ ಸ್ವರ್ಗ ಹುಡುಕುತ್ತಾರೆ. ತಾತನಿಗೆ ಅದು ಅಡುಗೆಮನೆಯ ಪಕ್ಕದಲ್ಲೇ ಸಿಕ್ಕಿಬಿಟ್ಟಿತ್ತು.

ಡಾಕ್ಟರು ಮಾತ್ರೆ ಬರೆಯಲಿಲ್ಲ. "ನಿಮಗೆ ಔಷಧಿ ಅಂದ್ರೆ ಜನ," ಎಂದು ಆರು ಖಾನೆಯ ಹಳದಿ ಕಾರ್ಡೊಂದನ್ನು ಕೊಟ್ಟರು. ಬಡಾವಣೆಯ ಸಮುದಾಯ ಭವನದಲ್ಲಿ ದಿನವೂ ನಡೆಯುವ ಹಿರಿಯರ ಕೂಟಗಳಲ್ಲಿ ವಾರಕ್ಕೊಂದಕ್ಕೆ ಹೋಗಬೇಕು, ಖಾನೆಯಲ್ಲಿ ರುಜು ಹಾಕಿಸಿಕೊಂಡು ಬರಬೇಕು.

ಜೊತೆಗೆ ಬಂದಿದ್ದ ಸೊಸೆಗೆ ಡಾಕ್ಟರ ಮಾತು ವೇದವಾಕ್ಯ. ಮನೆಗೆ ಬಂದವಳೇ ಸ್ಕ್ರೂಡ್ರೈವರ್ ಹಿಡಿದು ಚಿಲಕ ಬಿಚ್ಚತೊಡಗಿದಳು.

"ಅಯ್ಯೋ, ಅದ್ಯಾಕಮ್ಮಾ ಅದಕ್ಕೆ ಕೈ ಹಾಕ್ತೀಯ?"

"ಬಾಗಿಲು ಹಾಕ್ಕೊಂಡು ಕೂತೇ ನೀವು ಹೀಗಾಗಿರೋದು ಮಾವ. ಆರೂ ಖಾನೆ ತುಂಬಲಿ, ಆ ದಿನವೇ ನಾನೇ ಹಾಕ್ಕೊಡ್ತೀನಿ. ಮಾತಂದ್ರೆ ಮಾತು."

ಆರು ವಾರ! ಚಿಲಕವಿಲ್ಲದ ಕೋಣೆಯಲ್ಲಿ ಆರು ಗಂಟೆ ಕಳೆಯುವುದೇ ಕಷ್ಟವಾಯಿತು. ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು; ಮೊದಲು ಬೆಕ್ಕು ಬಂತು, ಆಮೇಲೆ ಬೆಕ್ಕನ್ನು ಹುಡುಕಿಕೊಂಡು ಪಕ್ಕದ ಮನೆಯಾಕೆ ಬಂದಳು, ಬೆಕ್ಕು ಹೋದ ಮೇಲೂ ಆಕೆ ಹೋಗಲಿಲ್ಲ. ಆಕೆಯ ತಂಗಿಯ ಗಂಡನ ಹಲ್ಲುನೋವಿನ ಕತೆ ಕೇಳುತ್ತಾ ತಾತನಿಗೆ ಹೊಳೆಯಿತು: ಖಾನೆ ಆರು, ಭವನದಲ್ಲಿ ಕೂಟದ ಕೋಣೆಗಳೂ ಆರು. ಒಂದೇ ದಿನ ಎಲ್ಲವನ್ನೂ ಹೊಕ್ಕು ಬಂದರೆ ಟ್ರಿಪ್ಪು ಮುಗಿದಂತೆಯೇ!

ಮರುದಿನ ಬೆಳಿಗ್ಗೆ ಭವನದ ಬಾಗಿಲಲ್ಲಿ ಕೂಟಗಳ ಉಸ್ತುವಾರಿ ಹೊತ್ತ ಹೆಡ್‌ಮೇಡಂ ನಿಂತಿದ್ದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಆ ಸುದ್ದಿ ಅವರ ಗಂಟಲಿಗೆ ಇನ್ನೂ ತಲುಪಿರಲಿಲ್ಲ.

"ಒಂದೇ ದಿನಕ್ಕೆ ಆರಾ? ಕಂಡಕ್ಟ್ರೇ, ಇದು ಔಷಧಿ, ಕಡಲೆಕಾಯಲ್ಲ!"

"ಕಾರ್ಡಲ್ಲಿ ತಾರೀಕು ಬರೆಯೋಕೆ ಜಾಗಾನೇ ಇಲ್ವಲ್ಲ ಮೇಡಂ."

ಅವರು ಕಾರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ನಿಜವೇ. ಅಚ್ಚಾದದ್ದನ್ನು ಮೀರುವ ಜಾಯಮಾನ ಅವರದಲ್ಲ. "ಸರಿ. ಆದ್ರೆ ಬಾಯಿ ಮುಚ್ಕೊಂಡು ಮೂಲೇಲಿ ಕೂತು ಬಂದ್ರೆ ರುಜು ಇಲ್ಲ. ಮಾತಾಡಬೇಕು."

ಮೊದಲನೆಯದು ನಗೆಕೂಟ. ನಗಲು ಬಂದವರೆಲ್ಲ ಸಂಕೋಚದಿಂದ ಬಾಗಿಲಿಗೇ ಅಂಟಿಕೊಂಡು ನಿಂತಿದ್ದರು. ಅವಸರದಲ್ಲಿದ್ದ ತಾತನ ಬಾಯಿಂದ ಹಳೆಯ ಮಾತು ತಾನಾಗಿ ಹೊರಬಿತ್ತು: "ಬಾಗಿಲಲ್ಲಿ ನಿಲ್ಬೇಡ್ರೀ! ಒಳಗೆ ಹೋಗಿ, ಒಳಗೆ ಹೋಗಿ! ಹಿಂದೆ ಪೂರ್ತಿ ಖಾಲಿ ಇದೆ!"

ಜೀವಮಾನದ ಅಭ್ಯಾಸ, ಎಲ್ಲರೂ ದಡದಡನೆ ಒಳಗೆ ಸರಿದರು. ಮಾಜಿ ಪೋಸ್ಟ್‌ಮನ್ನಂತೂ ಮೇಲಿನ ಕಂಬಿಗಾಗಿ ಕೈ ಚಾಚಿ, ಕಂಬಿ ಇಲ್ಲದ್ದು ಕಂಡು ಪಕಪಕನೆ ನಕ್ಕ. ಅವನನ್ನು ನೋಡಿ ಉಳಿದವರೂ ನಕ್ಕರು. ಆ ಕೂಟದಲ್ಲಿ ಯಾರಾದರೂ ನಿಜವಾಗಿ ನಕ್ಕದ್ದು ಅದೇ ಮೊದಲು. ಒಂದು ರುಜು.

ಎರಡನೆಯದು ಹೆಣಿಗೆ ಕೂಟ. ತಾತ ಮಾತಾಡುತ್ತಾ ಕೂತಿದ್ದಾಗ, ಪಕ್ಕದ ದಪ್ಪ ಕನ್ನಡಕದ ಅಜ್ಜಿ ತನ್ನ ಮಫ್ಲರಿನ ಜೊತೆಗೆ ಅವನ ಸ್ವೆಟರಿನ ತೋಳನ್ನೂ ಸೇರಿಸಿ ಹೆಣೆದುಬಿಟ್ಟಿದ್ದಳು. "ಬಿಚ್ಚೋಕೆ ಒಂದು ಗಂಟೆ ಬೇಕಪ್ಪಾ," ಎಂದಳು ನಿಧಾನವಾಗಿ. ತಾತನಿಗೆ ಅಷ್ಟು ಪುರುಸೊತ್ತೆಲ್ಲಿ? ಎದ್ದು ನಡೆದ. ಮಫ್ಲರಿನ ಹಿಂದೆ ಅಜ್ಜಿಯೂ ಬಂದಳು, ಅಜ್ಜಿಯ ಉಣ್ಣೆ ಉಂಡೆಯ ಹಿಂದೆ ಅವಳ ಗೆಳತಿಯರೂ ಬಂದರು. ಇದೇನೋ ಮಜವಾಗಿದೆಯೆಂದು ಪೋಸ್ಟ್‌ಮನ್ ಬಾಲಕ್ಕೆ ಸೇರಿಕೊಂಡ.

ಮೂರನೆಯ ಕೋಣೆಯಲ್ಲಿ ಗಾಯನ. ಒಬ್ಬರು ಪಲ್ಲವಿಯಲ್ಲಿದ್ದರೆ ಇನ್ನೊಬ್ಬರು ಆಗಲೇ ಮಂಗಳಕ್ಕೆ ಬಂದಿದ್ದರು. ತಾಳಲಾರದೆ ತಾತ ಜೇಬಿನಿಂದ ಹಳೆಯ ಸೀಟಿ ತೆಗೆದು ಊದಿ, "ಹೋಲ್ಡಾನ್!" ಎಂದು ಕಿರುಚಿದ. ಎಲ್ಲರೂ ಒಟ್ಟಿಗೆ ನಿಂತರು. "ರೈಟ್!" ಎಂದ. ಒಟ್ಟಿಗೆ ಹೊರಟರು. ಸಂಗೀತದ ಮೇಷ್ಟರು ಕಣ್ಣೊರೆಸಿಕೊಂಡು ರುಜು ಹಾಕಿ, ತಾವೂ ಸಾಲಿಗೆ ಸೇರಿದರು.

ಚದುರಂಗ, ಕೈತೋಟ, ವ್ಯಾಯಾಮ ಮುಗಿಯುವ ಹೊತ್ತಿಗೆ ತಾತನ ಹಿಂದೆ ಒಂದು ಬಸ್ಸಿಗಾಗುವಷ್ಟು ಜನ "ರೈಟ್ ರೈಟ್" ಎನ್ನುತ್ತಾ ಹೆಜ್ಜೆ ಹಾಕುತ್ತಿದ್ದರು. ವಾರದ ತಪಾಸಣೆಗೆ ಬಂದಿದ್ದ ಡಾಕ್ಟರು ಈ ಮೆರವಣಿಗೆಯನ್ನು ಬಾಯಿ ಬಿಟ್ಟುಕೊಂಡು ನೋಡಿ, ಲಗುಬಗೆಯಿಂದ ಪೆನ್ನು ತೆಗೆದು ಏನೋ ಬರೆಯತೊಡಗಿದರು. ಏನೆಂದು ಕೇಳುವ ವ್ಯವಧಾನ ತಾತನಿಗಿರಲಿಲ್ಲ. ಆರನೆಯ ರುಜು ಬಿದ್ದದ್ದೇ ಮಫ್ಲರನ್ನು ಅಜ್ಜಿಯ ಕಡೆಯಿಂದ ಕತ್ತರಿಸಿಕೊಂಡು, ಮಂಡಿನೋವನ್ನೂ ಮರೆತು, ಮನೆಗೆ ಓಡಿದ.

ಸೊಸೆ ಕಾರ್ಡು ನೋಡಿದಳು. ಮಾತಿಗೆ ತಪ್ಪುವವಳಲ್ಲ, ಹತ್ತೇ ನಿಮಿಷದಲ್ಲಿ ಚಿಲಕ ಸ್ವಸ್ಥಾನಕ್ಕೆ ಬಂತು. ತಾತನ ಕಣ್ಣಲ್ಲಿ ನೀರಾಡಿತು. ಬಚ್ಚಲಿಗೆ ಹೋಗಿ, ಸ್ವೆಟರು ಕಳಚಿ, ತಣ್ಣೀರಲ್ಲಿ ಮುಖ ತೊಳೆದು, ಟವೆಲ್ ಹೊದ್ದು ಸ್ವರ್ಗದತ್ತ ನಡೆದ.

ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಗಲಗಲ ನಗು ಕೇಳಿಸಿತು.

"ಯಾರಮ್ಮಾ ಒಳಗೆ?"

"ಭವನದವರು ಮಾವ. ನೀವು ಬಚ್ಚಲಲ್ಲಿದ್ರಲ್ಲ, ಆಗ ಬಂದ್ರು." ಸೊಸೆ ಒಂದು ಕಟ್ಟು ಹಳದಿ ಕಾರ್ಡು ತೋರಿಸಿದಳು. ಎಲ್ಲದರ ಮೇಲೂ ಡಾಕ್ಟರ ಅದೇ ಅಕ್ಷರ: 'ಕಂಡಕ್ಟರ್ ತಾತನ ಕೋಣೆ. ದಿನಕ್ಕೊಂದು ಸಲ, ಊಟದ ನಂತರ.'

ತಾತ ಎರಡೂ ಕೈಯಿಂದ ಬಾಗಿಲು ಬಡಿದ. "ತೆಗೀರಿ! ಇದು ನನ್ ಕೋಣೆ! ನಾನು ಕಂಡಕ್ಟರ್!"

"ಕಂಡಕ್ಟರ್ ಒಳಗೇ ಇದಾರೆ," ಎಂದಿತು ಪೋಸ್ಟ್‌ಮನ್ನಿನ ದನಿ, ಆರಾಮಕುರ್ಚಿ ಕಿರುಗುಟ್ಟುವ ಸದ್ದಿನೊಂದಿಗೆ. "ಸೀಟು ಫುಲ್. ಮುಂದಿನ ಬಸ್ಸಿಗೆ ಬನ್ನಿ ಸ್ವಾಮಿ! ರೈಟ್ ರೈಟ್!"

ತಾತ ಭುಜ ಕೊಟ್ಟು ಒಮ್ಮೆ ನೂಕಿ ನೋಡಿದ. ಬಾಗಿಲು ಅಲುಗಲಿಲ್ಲ.

"ಹೇಗಿದೆ ಮಾವ?" ಎಂದಳು ಸೊಸೆ ಸ್ಕ್ರೂಡ್ರೈವರ್ ಎತ್ತಿಡುತ್ತಾ. "ಈ ಸಲ ದೊಡ್ಡ ಸ್ಕ್ರೂ ಹಾಕಿದೀನಿ."