ಪ್ಲಸ್ಸೋ ಮೈನಸ್ಸೋ: ಬಾಪ್ಪುವಿನ ಡಿವಿಡಿ ತನಿಖೆ

ನಮ್ಮ ಬಾಪ್ಪುವಿಗೆ ದೇವರ ಮೇಲೆ ಪೂರ್ತಿ ನಂಬಿಕೆಯಿದೆ. ಆದರೂ ಪ್ರತಿ ಭಾನುವಾರ ಇಗರ್ಜಿಗೆ ಹೋಗಿ, ಆತ ಇದ್ದಾನೆಯೇ ಎಂದು ಒಮ್ಮೆ ಖಚಿತಪಡಿಸಿಕೊಂಡೇ ಬರುತ್ತಾರೆ! ಉಳಿದ ಯಾವುದರ ಮೇಲೂ ಅವರಿಗೆ ಅಷ್ಟು ಕೂಡ ನಂಬಿಕೆಯಿಲ್ಲ.

ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ಅವರ ಹೆಂಡತಿ ನಮಗೆಲ್ಲ ಮೌಶಿ. ನಾನು ಅವರಿಗೆ ‘ಬಾಯೆ’, ಅಂದರೆ ಹುಡುಗಿ. ಬಾಪ್ಪು ಪಣಂಬೂರಿನಲ್ಲಿ ಮೂವತ್ತು ವರ್ಷ ಹಡಗಿನಿಂದ ಇಳಿಯುವ ಮೂಟೆಗಳನ್ನು ಎಣಿಸಿದವರು. ಕಾಗದದಲ್ಲಿ ಬರೆದಷ್ಟು ಮಾಲು ನಿಜವಾಗಿಯೂ ಬಂದಿದೆಯೇ ಎಂದು ನೋಡುವುದೇ ಕೆಲಸ. ನಿವೃತ್ತಿಯಾದ ಮೇಲೆ ಕೆಲಸ ಹೋಯಿತು, ಸಂಶಯ ಮಾತ್ರ ಪಿಂಚಣಿಯ ಹಾಗೆ ತಿಂಗಳು ತಪ್ಪದೆ ಮುಂದುವರಿಯಿತು. ಲಿಫ್ಟಿನಲ್ಲಿ ‘ಆರು ಜನರಿಗೆ ಮಾತ್ರ’ ಎಂದು ಬರೆದಿದ್ದರೆ, ಆ ಆರು ಜನ ಯಾವ ಗಾತ್ರದವರು ಎಂದು ವಾಚ್‌ಮನ್‌ನನ್ನು ಕೇಳುತ್ತಾರೆ. ಉತ್ತರ ಸಿಗದಿದ್ದರೆ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮನೆ ಕೊಡಿಯಾಲ್‌ಬೈಲಿನಲ್ಲಿ ಐದನೇ ಮಹಡಿ!

ಇಂಥವರು ಕಳೆದ ವರ್ಷ ಒಂದು ಬೆಳಿಗ್ಗೆ ಫೋನ್ ಮಾಡಿ, ದನಿ ತಗ್ಗಿಸಿ ಹೇಳಿದರು: “ಬಾಯೆ, ಡಿವಿಡಿ ಬರೆಯುವ ಮೆಷಿನ್ ಒಂದು ತೆಗೆಯಲಿಕ್ಕುಂಟು. ನೀನು ಬಾ. ಮೌಶಿಗೆ ಹೇಳಬೇಡ.”

ಈ ಕಾಲದಲ್ಲಿ ಡಿವಿಡಿಯೇ? ನನಗೆ ಆಗಲೇ ಸಂಶಯ ಬರಬೇಕಿತ್ತು. ಆದರೆ ನಮ್ಮ ಕುಟುಂಬದ ಸಂಶಯವನ್ನೆಲ್ಲ ಬಾಪ್ಪು ಒಬ್ಬರೇ ಇಟ್ಟುಕೊಂಡಿರುವುದರಿಂದ ಉಳಿದವರಿಗೆ ಅದು ಸಿಗುವುದು ಕಡಿಮೆ. ಹೋದೆ.

ಕಂಪ್ಯೂಟರ್ ಅಂಗಡಿಯವರು ಒಳ್ಳೆಯ ಮನುಷ್ಯ. ಅದೇ ಅವರ ದುರದೃಷ್ಟ. “ಸರ್, ಡಿವಿಡಿ ಯಾಕೆ? ಪೆನ್‌ಡ್ರೈವ್ ಉಂಟಲ್ಲ?” ಎಂದರು.

“ಪೆನ್‌ಡ್ರೈವ್ ಜೇಬಲ್ಲಿ ಹಿಡೀತದೆ. ಜೇಬಲ್ಲಿ ಹಿಡಿಯುವುದೆಲ್ಲ ಒಂದು ದಿವಸ ವಾಷಿಂಗ್ ಮೆಷಿನ್‌ಗೆ ಹೋಗ್ತದೆ. ಡಿಸ್ಕ್ ಜೇಬಲ್ಲಿ ಹಿಡಿಯುವುದಿಲ್ಲ. ಅದೇ ಅದರ ಗುಣ.”

“ಹಾಗಾದ್ರೆ ಕ್ಲೌಡ್‌ನಲ್ಲಿ ಇಡಿ ಸರ್.”

“ಕ್ಲೌಡ್ ಅಂದ್ರೆ ಮೋಡವಲ್ಲ? ಮಂಗಳೂರಿನವ ಮೋಡವನ್ನು ನಂಬುವುದುಂಟಾ ಮಾರಾಯ್ರೆ?”

ಅಂಗಡಿಯವರು ಸೋತು, ಕಪಾಟಿನ ಮೇಲಿನಿಂದ ಧೂಳು ಹಿಡಿದ ಪೆಟ್ಟಿಗೆಗಳನ್ನು ಇಳಿಸಿದರು. ಡಿವಿಡಿ ಬರೆಯುವ ಮೆಷಿನ್ನಿಗೆ ಬರ್ನರ್ ಎನ್ನುತ್ತಾರೆ. ಕಂಪ್ಯೂಟರಿನ ಒಳಗೆ ಕೂರಿಸುವ ಬರ್ನರ್ ಒಂದು, ಹೊರಗಿನಿಂದ ವಯರು ಚುಚ್ಚುವ ಬರ್ನರ್ ಇನ್ನೊಂದು. ಬಾಪ್ಪು ಒಳಗಿನದನ್ನು ಮುಟ್ಟಲೂ ಇಲ್ಲ. “ಒಳಗೆ ಕೂತುಕೊಂಡು ಎಂತ ಮಾಡ್ತದೆ ಅಂತ ಯಾರಿಗೆ ಗೊತ್ತು? ಕಣ್ಣೆದುರು ಇರಲಿ.” ಹೊರಗಿನದು ಆಯ್ಕೆಯಾಯಿತು. ನಾನು ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಖಾಲಿ ಡಿಸ್ಕುಗಳ ಪ್ರಕರಣ ತೆರೆಯಿತು.

“ಇದರಲ್ಲಿ ಡಿವಿಡಿ ಮೈನಸ್ ಆರ್ ಅಂತ ಉಂಟು. ಮೈನಸ್ ಅಂದ್ರೆ ಎಂತ ಕಡಿಮೆ?”

“ಎಂತದೂ ಕಡಿಮೆ ಇಲ್ಲ ಸರ್.”

“ಈ ಪ್ಲಸ್ ಆರ್‌ನಲ್ಲಿ ಎಂತ ಜಾಸ್ತಿ?”

“ಜಾಸ್ತಿಯೂ ಇಲ್ಲ.”

“ಕಡಿಮೆಯೂ ಇಲ್ಲ, ಜಾಸ್ತಿಯೂ ಇಲ್ಲ, ಮತ್ತೆ ಹೆಸರು ಎರಡು ಯಾಕೆ? ಒಬ್ಬನಿಗೇ ಎರಡು ಹೆಸರಿದ್ರೆ ನಾವು ಬಂದರಿನ ಗೇಟಿನ ಒಳಗೆ ಬಿಡ್ತಿರಲಿಲ್ಲ!”

ನಾನು ನಡುವೆ ಹೋಗಿ ವಿವರಿಸಿದೆ. ಹಿಂದೆ ಕಂಪನಿಗಳ ಎರಡು ಗುಂಪುಗಳಿಗೆ ಒಮ್ಮತ ಬರದೆ ಎರಡು ಬಗೆ ಹುಟ್ಟಿಕೊಂಡವು. ಮೈನಸ್ಸು ಹಳೆಯ ಪ್ಲೇಯರುಗಳಲ್ಲಿ ಹೆಚ್ಚಾಗಿ ಓಡುತ್ತದೆ. ಪ್ಲಸ್ಸಿನಲ್ಲಿ ಬರೆಯುವಾಗ ತಪ್ಪು ಕಡಿಮೆ ಎನ್ನುತ್ತಾರೆ. ಈ ಬರ್ನರ್ ಎರಡನ್ನೂ ಬರೆಯುತ್ತದೆ. ಬಾಪ್ಪು ಕಣ್ಣು ಕಿರಿದು ಮಾಡಿದರು. “ಎರಡು ಪಾರ್ಟಿಯೊಟ್ಟಿಗೂ ಚೆನ್ನಾಗಿದೆ ಅಂತ ಆಯ್ತು. ಇದರ ಮೇಲೆ ಒಂದು ಕಣ್ಣು ಇಡಬೇಕು.”

ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕನ್ನು ಅವರು ಎರಡೇ ಬೆರಳಲ್ಲಿ ಹಿಂದಕ್ಕೆ ತಳ್ಳಿದರು. “ಅಳಿಸಲಿಕ್ಕೆ ಆಗುವುದಾದ್ರೆ ಅದು ಸ್ಲೇಟು. ನನಗೆ ಅಳಿಸಲಿಕ್ಕೆ ಆಗಬಾರದು.” ಎರಡು ಪದರದ ಡಿಸ್ಕಂತೂ ಇನ್ನೂ ಕೆಟ್ಟದು. “ಮೇಲೆ ಒಂದು, ಅಡಿಯಲ್ಲಿ ಒಂದು! ಅಕ್ಕಿ ಮೂಟೆಯಲ್ಲಿ ಮೋಸ ಮಾಡುವವರೂ ಹೀಗೇ ತುಂಬಿಸುವುದು.”

ಕೊನೆಗೆ ಮೈನಸ್ ಐದು, ಪ್ಲಸ್ ಐದು ಕೊಂಡು ಹೊರಟೆವು. ನಾವು ರಸ್ತೆ ದಾಟುವವರೆಗೂ ಅಂಗಡಿಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಪ್ರೀತಿಯಿಂದಲ್ಲ, ನಾವು ನಿಜವಾಗಿಯೂ ಹೋದೆವೆಂದು ಖಾತ್ರಿ ಮಾಡಿಕೊಳ್ಳಲು!

ಸಂಜೆಗೇ ಫೋನ್. “ಬಾಯೆ, ಮೋಸ! ಡಿಸ್ಕಿನ ಮೇಲೆ ನಾಲ್ಕು ಪಾಯಿಂಟ್ ಏಳು ಜಿಬಿ ಅಂತ ಉಂಟು. ಕಂಪ್ಯೂಟರ್‌ನಲ್ಲಿ ನಾಲ್ಕು ಪಾಯಿಂಟ್ ಮೂರು ಎಂಟು ಅಂತ ತೋರಿಸ್ತದೆ. ಉಳಿದದ್ದು ಎಲ್ಲಿ ಹೋಯ್ತು?” ಕಂಪನಿಯವರ ಸಾವಿರ ಬರೀ ಸಾವಿರ, ಕಂಪ್ಯೂಟರಿನ ಸಾವಿರ ಮಾತ್ರ ಸಾವಿರದ ಇಪ್ಪತ್ತನಾಲ್ಕು ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ, “ಅವರು ನಿನ್ನನ್ನೂ ನಂಬಿಸಿದ್ದಾರೆ” ಎಂದು ಮರುಕದಿಂದ ಫೋನಿಟ್ಟರು.

ಆಮೇಲೆ ಯಾವುದು ಹೆಚ್ಚು ಬಾಳುತ್ತದೆಂಬ ಪರೀಕ್ಷೆಗಳು. ಒಂದೇ ಫೋಟೊವನ್ನು ಎರಡು ಬಗೆಯ ಡಿಸ್ಕಿನಲ್ಲೂ ಬರೆದು, ಒಂದು ಜೋಡಿಯನ್ನು ಸ್ನಾನದ ಮನೆಯ ಕಿಟಕಿಯಲ್ಲಿಟ್ಟರು, ಇನ್ನೊಂದನ್ನು ಅಕ್ಕಿ ಡಬ್ಬಿಯೊಳಗೆ. ಮೌಶಿ ಸೇರಿನಲ್ಲಿ ಅಕ್ಕಿ ತೆಗೆಯುವಾಗ ಒಂದು ಹೊಳೆಯುವ ತಟ್ಟೆ ಮೇಲೆ ಬಂತು. ಆ ದಿನ ಬಿಕರ್ನಕಟ್ಟೆಯ ಅವರ ಓಣಿಯಲ್ಲಿ ಮೌಶಿಯ ಸ್ವರ ಕೇಳಿಸದ ಮನೆ ಇರಲಿಲ್ಲ. ಮೌಶಿ ನಲವತ್ತು ವರ್ಷ ನರ್ಸ್ ಆಗಿದ್ದವರು. ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುವ ಹಾಗೆ ಕೂಗಿ ಅಭ್ಯಾಸ.

ಬರ್ನರಿನಲ್ಲಿ ಬಾಪ್ಪುವಿಗೆ ಇಷ್ಟವಾದದ್ದು ಒಂದೇ ಸಂಗತಿ. ಬರೆದು ಮುಗಿಸಿದ ಮೇಲೆ ಅದು ತಾನು ಬರೆದದ್ದು ಸರಿಯಿದೆಯೇ ಎಂದು ಮತ್ತೆ ಮೊದಲಿನಿಂದ ಓದಿ ನೋಡುತ್ತದೆ. “ನೋಡು,” ಎಂದರು ಗೌರವದಿಂದ, “ತನ್ನನ್ನೇ ನಂಬುವುದಿಲ್ಲ. ಇದು ನಂಬಬಹುದಾದ ಮೆಷಿನ್!”

ಮೌಶಿಯ ಕುತ್ತಿಗೆಯಲ್ಲಿ ಕೆಲವು ತಿಂಗಳಿಂದ ಇದ್ದ ಗಂಟಿಗೆ ಇದರ ನಡುವೆ ಆಪರೇಷನ್ ಎಂದು ನಿಶ್ಚಯವಾಯಿತು. ಥೈರಾಯ್ಡ್ ಗಂಟು, ತೆಗೆಯಲೇಬೇಕು. ಸ್ವರದ ನರ ಅಲ್ಲೇ ಹಾದುಹೋಗುವುದರಿಂದ ಆಮೇಲೆ ಸ್ವರ ಬದಲಾಗಬಹುದು, ಕೆಲವೊಮ್ಮೆ ತೀರ ಕ್ಷೀಣಿಸಲೂಬಹುದು ಎಂದು ಡಾಕ್ಟರು ನಮ್ಮ ಮೂವರನ್ನೂ ಕೂರಿಸಿ ಮೊದಲೇ ಹೇಳಿದರು. “ಓಣಿಯವರಿಗೆ ಸ್ವಲ್ಪ ರೆಸ್ಟ್ ಸಿಗ್ತದೆ” ಎಂದು ಮೌಶಿ ನಕ್ಕರು. ನಾನು ಬಾಪ್ಪುವಿನ ಪ್ರಶ್ನೆಗಳಿಗಾಗಿ ಕಾದೆ. ಒಂದು ಮೈನಸ್ ಗುರುತಿಗೆ ಅಂಗಡಿಯವರ ಬೆವರಿಳಿಸಿದ ಮನುಷ್ಯ ಡಾಕ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮೇಜಿನ ಮೇಲಿನ ಪೇಪರ್‌ವೆಯ್ಟನ್ನೇ ನೋಡುತ್ತ ಕೂತಿದ್ದರು.

ಆಪರೇಷನ್‌ಗೆ ನಾಲ್ಕು ದಿನವಿರುವಾಗ ಬಾಪ್ಪು ಐದು ಮಹಡಿ ಹತ್ತಿ ಬಂದು, ನನ್ನ ಕೈಯಲ್ಲಿ ಸುತ್ತಲೂ ಟೇಪು ಹಚ್ಚಿದ ಒಂದು ಲಕೋಟೆ ಇಟ್ಟರು. ಒಳಗೆ ಡಿಸ್ಕ್. “ಒಂದು ನಮ್ಮಲ್ಲಿ ಉಂಟು, ಒಂದು ನಿನ್ನಲ್ಲಿ ಇರಲಿ. ತೆರೆಯಬೇಡ.” ಎಂತ ಇದು ಎಂದರೆ, “ದಾಖಲೆ” ಎಂದಷ್ಟೇ ಹೇಳಿ ಇಳಿದುಹೋದರು.

ಮರುದಿನ ಮೌಶಿ ಬಂದರು. ಮುಖ ಕೆಂಪಗಾಗಿತ್ತು.

“ಇವರು ನಿನ್ನ ಹತ್ರ ಎಂತದೋ ಕೊಟ್ಟಿದ್ದಾರಲ್ಲ? ತೆಗಿ. ಒಂದು ತಿಂಗಳಾಯ್ತು, ಫ್ರಿಜ್ ಮೇಲೆ ಫೋನ್ ಮಲಗಿಸಿ ರೆಕಾರ್ಡ್ ಮಾಡ್ತಾರೆ. ನಾನು ಬೈಯುವುದನ್ನೆಲ್ಲ ಹಿಡೀತಾರೆ. ನನ್ನ ವಿರುದ್ಧ ಸಾಕ್ಷಿ ಮಾಡ್ತಾ ಇದ್ದಾರೆ ಈ ಮನುಷ್ಯ!”

“ಈ ಪ್ರಾಯದಲ್ಲಿ ಸಾಕ್ಷಿ ಯಾಕೆ ಮೌಶಿ?”

“ಅದೇ ನನಗೂ ಗೊತ್ತಾಗುವುದಿಲ್ಲ! ಹಾಕು, ನೋಡುವಾ.”

ಮಾತು ಮುರಿದೆ. ಲಕೋಟೆ ಹರಿದು, ನನ್ನ ಹಳೆಯ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕಿದೆ. ಪರದೆಯ ಮೇಲೆ ಅಡುಗೆಮನೆಯ ಫ್ಯಾನು ತಿರುಗುತ್ತಿತ್ತು. ಫೋನು ಆಕಾಶ ನೋಡುತ್ತ ಮಲಗಿದ್ದರಿಂದ ಬೇರೇನೂ ಕಾಣುತ್ತಿರಲಿಲ್ಲ. ಸ್ವರ ಮಾತ್ರ ಸ್ಪಷ್ಟ. ‘ಕೊಡೆ ಎಲ್ಲಿ ಬಿಟ್ಟು ಬಂದ್ರಿ?’ ‘ಇದು ಬಂಗುಡೆಯಾ? ಈ ಮೀನಿಗೆ ಕಣ್ಣುಂಟಾ? ನಿಮಗೆ ಕಣ್ಣುಂಟಾ?’ ‘ಮಾತ್ರೆ ತಗೊಂಡ್ರಾ? ಬಾಯಿ ತೋರಿಸಿ!’ ನಡುವೆ ಒಗ್ಗರಣೆಯ ಸದ್ದು, ಒಂದಿಷ್ಟು ಜಪ, ಫೋನಿನಲ್ಲಿ ಯಾರೊಡನೆಯೋ ನಗು.

“ನೋಡಿದೆಯಾ?” ಎಂದು ಮೌಶಿ ಸಿಡಿದರು. “ಬರೀ ಬೈಗುಳ! ಪಾದ್ರಿಯವರಿಗೆ ಕೇಳಿಸ್ಲಿಕ್ಕೇ ಇದು!”

ನಾನು ಮುಂದಕ್ಕೆ ಓಡಿಸಿದೆ. ಗಂಟೆಗಟ್ಟಲೆ ಅದೇ ಫ್ಯಾನು, ಅದೇ ಸ್ವರ. ಕಟ್ಟಕಡೆಗೆ ಕುರ್ಚಿ ಎಳೆದ ಸದ್ದಾಯಿತು. ಫೋನಿನ ಹತ್ತಿರ ಬಂದು ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಬಾಪ್ಪುವಿನ ಸ್ವರ, ಕಚೇರಿಯಲ್ಲಿ ಓದಿ ಹೇಳುವವರ ಹಾಗೆ: “ಆಪರೇಷನ್‌ಗೆ ಮೊದಲು ಇವಳ ಸ್ವರ ಹೀಗಿತ್ತು. ಇದು ಸರಿ ಉಂಟು. ನಾನು ಪೂರ್ತಿ ಕೇಳಿದ್ದೇನೆ.”

ಫ್ಯಾನು ನಿಂತಿತು. ಮೌಶಿ ತಾವೇ ಡಿಸ್ಕನ್ನು ಹೊರತೆಗೆದು, ಸೀರೆಯ ಸೆರಗಿನಿಂದ ಒರೆಸಿ, “ಹೊಸ ಲಕೋಟೆ ಉಂಟಾ? ಮೊದಲಿನ ಹಾಗೇ ಅಂಟಿಸು” ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸ್ವರ ಮಾತ್ರ ಮೊದಲಿನಂತೆ ಬರಲಿಲ್ಲ. ಈಗ ಮೌಶಿಯ ಮಾತು ಒಣಗಿದ ಎಲೆ ಉಜ್ಜಿದಂತೆ, ಹತ್ತಿರ ಕೂತರೆ ಮಾತ್ರ ಕೇಳಿಸುತ್ತದೆ. ಬಾಪ್ಪು ಈಗ ಯಾವಾಗಲೂ ಹತ್ತಿರವೇ ಕೂರುತ್ತಾರೆ.

ಮೊನ್ನೆ ಮೌಶಿಯನ್ನು ಕೇಳಿದೆ: “ಬಾಪ್ಪು ಆ ಡಿಸ್ಕ್ ಹಾಕಿ ಕೇಳುವುದುಂಟಾ?”

ಮೌಶಿ ಬಾಗಿಲ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು. “ಗುರುವಾರ ನಾನು ಬಾಲಯೇಸುವಿನ ಪ್ರಾರ್ಥನೆಗೆ ಹೋಗ್ತೇನಲ್ಲ, ಆಗ ಹಾಕ್ತಾರೆ. ನಾನು ಬರುವಾಗ ನನ್ನ ಹಳೆಯ ಸ್ವರ ಹೊರಗೆಯೇ ಕೇಳಿಸ್ತದೆ. ಕೂಡಲೇ ಒಳಗೆ ಹೋದ್ರೆ ಪಾಪ, ನಾಚಿಕೆ ಆಗ್ತದೆ ಅವರಿಗೆ. ಅದಕ್ಕೆ ನಾನು ಬೈದು ಮುಗಿಯುವವರೆಗೆ ಮೆಟ್ಟಿಲಲ್ಲಿ ಕೂತಿರ್ತೇನೆ.”