ಡ್ರೈವರ್ ಕಾಕಾ ಅವರ ತಲೆಯಲ್ಲಿದ್ದ ನಕ್ಷೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಇದುವರೆಗೆ ರಜೆ ಅರ್ಜಿ ಬಿಟ್ಟು ಬೇರೇನೂ ಬರೆದವನಲ್ಲ, ಅದನ್ನೂ ಒಮ್ಮೆ ತಪ್ಪು ತಿದ್ದಿ ವಾಪಸ್ ಕೊಟ್ಟಿದ್ದರು. ನಗುವ ಸಂಗತಿಯನ್ನು ಬಿಡಿಸಿ ಹೇಳಿದರೆ ಯಾರೂ ನಗುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬಿಡಿಸಿ ಹೇಳದಿದ್ದರೆ ನಿಮಗೆ ತಿಳಿಯದೆ ಹೋದೀತು ಎಂಬ ಅಂಜಿಕೆ ನನಗೆ. ನಮ್ಮ ಕೆಲಸದಲ್ಲಿ ಇಂಥವು ವಾರಕ್ಕೊಂದಾದರೂ ನಡೆಯುತ್ತವೆ, ಆದ್ದರಿಂದ ಧೈರ್ಯ ಮಾಡಿದ್ದೇನೆ.

ಮೊದಲು ಕೆಲಸ ಯಾವುದೆಂದು ಹೇಳಬೇಕು. ನಾನು ಶಹಾಬಾದಿನಲ್ಲಿ ಕುಳಿತು ಫೋನಿನಲ್ಲಿ ಕಾಣುವ ನಕ್ಷೆಗಳನ್ನು ಮಾಡುತ್ತೇನೆ. ಗೋಡೆಗೆ ತೂಗುಹಾಕುವ ನಕ್ಷೆಯಲ್ಲ. ಮುಟ್ಟಿದರೆ ಉತ್ತರ ಕೊಡುವಂಥದ್ದು. ಅದನ್ನು ನಾನೇ ಬುಡದಿಂದ ಕಟ್ಟುವುದಿಲ್ಲ. ಟೂಲ್‌ಕಿಟ್ ಅಂತ ಒಂದು ಸಿಗುತ್ತದೆ. ಬಡಿಗನ ಚೀಲ ಇದ್ದಂತೆ ಅಂದುಕೊಳ್ಳಿ: ಉಳಿ, ಗರಗಸ ಎಲ್ಲ ಅವರು ಕೊಡುತ್ತಾರೆ, ಬಾಗಿಲು ನಾವು ಮಾಡಬೇಕು. ಆಗಾಗ ಚೀಲದ ಹೊಸ ಆವೃತ್ತಿ ಬರುತ್ತದೆ, ಅದರಲ್ಲಿ ಹೊಸ ಉಳಿಗಳಿರುತ್ತವೆ. ಹೊಸ ಉಳಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಈ ಸಲದ ಬಾಗಿಲು ಒಂದು ವ್ಯಾನಿಗಾಗಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಮನೆಮನೆಯಿಂದ ಕಲಬುರಗಿಯ ಆಸ್ಪತ್ರೆಗೆ ಒಯ್ದು ತಂದುಬಿಡುವ ವ್ಯಾನು ಅದು. ಸೋಮ, ಬುಧ, ಶುಕ್ರ ಶಹಾಬಾದ್, ವಾಡಿ, ಚಿತ್ತಾಪುರದ ಕಡೆ. ಉಳಿದ ಮೂರು ದಿನ ಸೇಡಂ, ಚಿಂಚೋಳಿಯ ಕಡೆ. ಒಂದು ಸರದಿ ತಪ್ಪಿದರೂ ಇವರ ಮೈ ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಇಷ್ಟು ವರ್ಷ ಒಂದೂ ತಪ್ಪಿರಲಿಲ್ಲ. ಕಾರಣ ನಮ್ಮ ಡ್ರೈವರ್ ಕಾಕಾ. ಯಾರ ಮನೆ ಎಲ್ಲಿ, ಯಾರಿಗೆ ಎಷ್ಟು ಹೊತ್ತು ಬೇಕು, ಎಲ್ಲ ಅವರ ತಲೆಯಲ್ಲಿತ್ತು. ತಿಂಗಳ ಕೊನೆಗೆ ಅವರು ಕೆಲಸ ಬಿಡುವವರಿದ್ದರು. ಅಷ್ಟರೊಳಗೆ ಆ ತಲೆಯನ್ನು ನಕ್ಷೆಗೆ ಇಳಿಸಿ ಹೊಸ ಡ್ರೈವರ್ ಕೈಗೆ ಕೊಡುವುದು ನನ್ನ ಕೆಲಸ.

ಏಳು ಮಂದಿ

ಹೊಸ ಡ್ರೈವರ್ ಚಿಂಚೋಳಿಯವರು. ಲಾರಿ ಓಡಿಸಿ ಪಳಗಿದವರು, ಆದರೆ ಶಹಾಬಾದಿನ ಓಣಿಗಳು ಅವರಿಗೆ ಹೊಸವು. ಅವರಿಗೆ ಮೊದಲ ದಿನವೇ ಹೊಸ ಸೌಲಭ್ಯವೊಂದನ್ನು ತೋರಿಸಿದೆ. ನಕ್ಷೆಯನ್ನು ದೂರದಿಂದ ನೋಡಿದಾಗ ಹತ್ತಿರ ಹತ್ತಿರದ ಮನೆಗಳ ಚುಕ್ಕಿಗಳೆಲ್ಲ ಕೂಡಿ ಒಂದೇ ದೊಡ್ಡ ಚುಕ್ಕಿಯಾಗುತ್ತವೆ, ಅದರೊಳಗೆ ಎಷ್ಟು ಮನೆ ಎಂಬ ಅಂಕಿ ಬರುತ್ತದೆ. ಶಹಾಬಾದಿನ ಮೇಲೆ ಏಳು ಎಂದು ಬಂದಿತ್ತು.

ಅವರು ಬಹಳ ಹೊತ್ತು ಆ ಏಳನ್ನೇ ನೋಡಿದರು. ಮುಖ ಸಣ್ಣಗಾಯಿತು.

"ಒಂದೇ ಮನ್ಯಾಗ ಏಳು ಮಂದಿಗಿ ಕಿಡ್ನಿ ಹೋಗ್ಯಾವೇನ್ರಿ? ಯಾವ ಬಾವಿ ನೀರು ಕುಡೀತಾರ ಅವರು?"

ವಾಡಿ

ಕಾಕಾ ಒಂದು ಪರೀಕ್ಷೆ ಇಟ್ಟರು. ಹೊಸಬರು ಗಾಡಿ ಓಡಿಸಬೇಕು, ತಾನು ಪಕ್ಕದಲ್ಲಿ ಕೂಡುತ್ತೇನೆ, ಬಾಯಿ ಬಿಡುವುದಿಲ್ಲ ಎಂದರು. ಪರೀಕ್ಷೆಗೆ ರೋಗಿಗಳಿಲ್ಲದ ಭಾನುವಾರ.

ಹೊಸಬರು ಹುಡುಕುವ ಜಾಗದಲ್ಲಿ 'ವಾಡಿ' ಎಂದು ಒತ್ತಿದರು. ಇಲ್ಲಿ ಸ್ವಲ್ಪ ವಿವರಿಸಬೇಕು. ಮೊದಲು ಹೆಸರಿನ ಶುರುವಿನ ಅಕ್ಷರ ಕೊಟ್ಟರಷ್ಟೇ ಊರು ಸಿಗುತ್ತಿತ್ತು. ಹೊಸ ಆವೃತ್ತಿಯಲ್ಲಿ ಹೆಸರಿನ ನಡುವೆ, ಕೊನೆಯಲ್ಲಿ ಎಲ್ಲಿದ್ದರೂ ಹುಡುಕಿ ಕೊಡುತ್ತದೆ. ಸಿಕ್ಕಿದ್ದನ್ನು ಅಕ್ಷರಮಾಲೆಯ ಪ್ರಕಾರ ಸಾಲಾಗಿ ಇಡುತ್ತದೆ. ಅಕ್ಷರಮಾಲೆಯಲ್ಲಿ 'ಅ' ಮೊದಲು, 'ವ' ಬಹಳ ಕೆಳಗೆ. ಹಾಗಾಗಿ ವಾಡಿಗಿಂತ ಮೇಲೆ ಈ ಸೀಮೆಯ ಅಂಗನವಾಡಿಗಳೆಲ್ಲ ಬಂದು ಕೂತಿದ್ದವು. ಅವರು ಮೊದಲನೆಯದನ್ನು ಒತ್ತಿದರು. ಕಾಕಾ ಕಣ್ಣು ಮುಚ್ಚಿಕೊಂಡರು, ಆದರೆ ಬಾಯಿ ಬಿಡಲಿಲ್ಲ.

ಭಾನುವಾರವಾದರೂ ಅಂಗನವಾಡಿಯ ಅಕ್ಕ ಯಾವುದೋ ಪುಸ್ತಕ ತುಂಬುತ್ತ ಒಳಗೆ ಕುಳಿತಿದ್ದರಂತೆ. ಗಾಡಿ ಕಂಡು ಹೊರಗೆ ಬಂದರು.

"ಯಾರು ಬೇಕ್ರಿ?"

"ಇಲ್ಲಿ ಒಬ್ಬರನ್ನ ನಾಳಿ ಕರ್ಕೊಂಡು ಹೋಗ್ಬೇಕ್ರಿ. ಅರವತ್ತೆಂಟು ವರ್ಷದವರು."

ಅಕ್ಕ ಕೈಯಲ್ಲಿದ್ದ ಪುಸ್ತಕ ನೋಡಿ ಹೇಳಿದರು: "ನಮ್ಮಲ್ಲಿ ಆರು ತುಂಬಿದ ಮ್ಯಾಲ ಹೆಸರು ತೆಗೀತೀವ್ರಿ."

ಕಾಣೆಯಾದ ಭಂಕೂರ

ಶಹಾಬಾದಿಗೆ ಅಂಟಿಕೊಂಡೇ ಭಂಕೂರ ಇದೆ. ಅಲ್ಲೊಬ್ಬರು ನಿವೃತ್ತ ಶಾಲಾ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತೇವೆ. ಸಕ್ಕರೆ ಕಾಯಿಲೆಯಿಂದ ಅವರ ಕಿಡ್ನಿ ಹೋಗಿದೆ, ಕಣ್ಣೂ ಮಸುಕು. ನಕ್ಷೆ ತೋರಿಸಿದಾಗ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಶಹಾಬಾದ ಅದ. ನಮ್ಮೂರು ಎಲ್ಲಿ ಹೋತು?"

ಎರಡು ಹೆಸರು ಒಂದರ ಮೇಲೊಂದು ಬಿದ್ದರೆ ಹೊಸ ಆವೃತ್ತಿ ದೊಡ್ಡ ಊರಿನ ಹೆಸರನ್ನು ಉಳಿಸಿ ಸಣ್ಣದನ್ನು ಮುಚ್ಚಿಡುತ್ತದೆ. ನೋಡಲು ಚೊಕ್ಕ ಇರಲಿ ಎಂದು. ನಾನದನ್ನು ಚೆಂದದ ಸೌಲಭ್ಯವೆಂದು ಹೊಗಳಿ, "ಹತ್ತಿರ ಹೋದ್ರ ಹೆಸರು ಕಾಣ್ತದ್ರಿ ಅಕ್ಕೋರೆ" ಎಂದೆ.

"ಹತ್ತಿರ ಹೋದ್ರ ಊರೇ ಕಾಣ್ತದಲ್ಲೋ ತಮ್ಮಾ. ಹೆಸರು ಯಾಕ ಬೇಕು?"

ರೆಕ್ಕೆ

ಅದೇ ಅಕ್ಕೋರ ಇನ್ನೊಂದು ಸಂಗತಿ. ಇದಕ್ಕೆ ನನಗೆ ಆಗ ನಗು ಬರಲಿಲ್ಲ.

ಪ್ರತಿ ಮನೆಯ ಸುತ್ತ ನಕ್ಷೆಯಲ್ಲಿ ಒಂದು ವೃತ್ತ ಎಳೆಯಬಹುದು. ಗಾಡಿ ವೃತ್ತದೊಳಗೆ ಬಂದ ಕೂಡಲೇ ಮನೆಯವರ ಫೋನು ರಿಂಗಾಗುತ್ತದೆ. ಬಿಸಿಲಲ್ಲಿ ಕಾಯುವುದು ತಪ್ಪುತ್ತದೆ. ಒಳ್ಳೆಯದೇ. ಆದರೆ ಅಕ್ಕೋರ ಮನೆಯ ಮುಂದೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಹಳೆಯ ಗಣಿ, ತುಂಬ ನೀರು. ರಸ್ತೆ ಗಣಿಯ ಆಚೆ ದಂಡೆಗೆ ಬಂದು, ಬೆನ್ನು ತಿರುಗಿಸಿ, ದೊಡ್ಡ ಸುತ್ತು ಹಾಕಿ ಈಚೆಗೆ ಬರುತ್ತದೆ. ಬುಧವಾರ ಹೊಸಬರೊಬ್ಬರೇ ಓಡಿಸುತ್ತಿದ್ದ ಗಾಡಿ ಆಚೆ ದಂಡೆಯಲ್ಲಿದ್ದಾಗಲೇ ಫೋನು ರಿಂಗಾಯಿತು. ಅಕ್ಕೋರು ಚೀಲ ಹಿಡಿದು ಹೊರಬಂದರು. ನೀರಿನ ಆಚೆ ಬಿಳಿ ಗಾಡಿ ಮಸುಕಾಗಿ ಕಂಡಿತು. ಆಮೇಲೆ ದೂರ ಹೋಯಿತು. ಬಿಟ್ಟು ಹೋದರೆಂದು ಅವರು ಹೊಸ್ತಿಲ ಮೇಲೆ ಕುಸಿದು ಕುಳಿತರಂತೆ.

ಗಾಡಿ ಬಾಗಿಲಿಗೆ ಬಂದಾಗ ಅವರು ಹತ್ತಿ ಕುಳಿತರು. ನನಗೆ ಫೋನು ಮಾಡಿದರು.

"ನಿಮ್ಮ ಯಂತ್ರಕ್ಕ ರೆಕ್ಕಿ ಅದಾವ, ಗಾಡಿಗಿಲ್ಲ. ಇಬ್ಬರನ್ನೂ ಒಂದೇ ಬೆಂಚಿನ ಮ್ಯಾಲ ಕುಂದ್ರಿಸಿ ಪಾಠ ಹೇಳ್ರಿ."

ಕಾಕಾ ಅವರನ್ನು ಕೇಳಿದೆ, ಇಷ್ಟು ವರ್ಷ ಹೀಗೆ ಆಗಲಿಲ್ಲವಲ್ಲ ಎಂದು. "ಆ ದಂಡಿಗಿ ಬಂದಾಗ ಎರಡು ಸಲ ಹಾರ್ನ್ ಹೊಡೀತಿದ್ದೆ," ಎಂದರು. "ಸುತ್ತು ಹಾಕಿ ಬರ್ಲಿಕತ್ತೀನಿ, ಗಾಬರಿ ಆಗಬ್ಯಾಡ್ರಿ ಅಂತ."

"ಇದನ್ನ ನನಗೆ ಹೇಳಲೇ ಇಲ್ಲವಲ್ಲ ಕಾಕಾ?"

"ನೀವು ದಾರಿ ಕೇಳಿದ್ರಿ. ಹಾರ್ನ್ ಎಲ್ಲಿ ಕೇಳಿದ್ರಿ?"

ಎಮ್ಮೆ

ಹಾಗಾಗಿ ಕೊನೆಯ ಹೊಸ ಸೌಲಭ್ಯಕ್ಕೆ ಕೈ ಹಾಕಿದೆ. ನಕ್ಷೆಯ ಯಾವುದೇ ಜಾಗಕ್ಕೆ ಧ್ವನಿಯನ್ನು ಕಟ್ಟಿಡಬಹುದು. ಗಾಡಿಯಲ್ಲಿರುವ ಫೋನು ಅಲ್ಲಿಗೆ ತಲುಪಿದಾಗ ತಾನೇ ಮಾತಾಡುತ್ತದೆ. ಕಾಕಾ ಅವರ ಕೊನೆಯ ವಾರ ಪೂರ್ತಿ ನಾನು ವ್ಯಾನಿನಲ್ಲಿ ಕುಳಿತು, ಪ್ರತಿ ತಿರುವಿನಲ್ಲಿ, ಪ್ರತಿ ಬಾಗಿಲಿನಲ್ಲಿ ಅವರ ಮಾತನ್ನು ಹಿಡಿದಿಟ್ಟೆ. ಹಾರ್ನನ್ನೂ ಬರೆದುಕೊಂಡೆ. ಎಲ್ಲವನ್ನೂ ಪೂರ್ತಿ ಕೇಳಿ ನೋಡಬೇಕಿತ್ತು. ನೋಡಲಿಲ್ಲ. ಅದು ನನ್ನ ತಪ್ಪು.

ಕಾಕಾ ಇಲ್ಲದ ಮೊದಲ ಸೋಮವಾರ. ನಾನು ಪರದೆಯ ಮುಂದೆ ಕುಳಿತಿದ್ದೆ. ಗಾಡಿಯ ಚುಕ್ಕಿ ಭಂಕೂರಕ್ಕೆ ಬಂತು, ಅಕ್ಕೋರ ಬಾಗಿಲಲ್ಲಿ ನಿಂತಿತು. ಐದು ನಿಮಿಷ ಆಯಿತು. ಹತ್ತಾಯಿತು. ಅಲ್ಲಿ ಆಸ್ಪತ್ರೆಯಲ್ಲಿ ಯಂತ್ರದ ಹೊತ್ತು ಮೀರಿದರೆ ಮುಂದಿನವರನ್ನು ಮಲಗಿಸುತ್ತಾರೆ, ಅಕ್ಕೋರ ಸರದಿ ಹೋದಂತೆಯೇ. ಇಪ್ಪತ್ತಾಯಿತು. ಫೋನು ಮಾಡಿದೆ.

"ಯಾಕ್ರಿ ನಿಂತೀರಿ?"

"ಎಮ್ಮಿ, ಸರ," ಎಂದರು ಹೊಸ ಡ್ರೈವರ್.

"ಎಮ್ಮಿ ಅಡ್ಡ ಬಂದದೇನು?"

"ಇಲ್ರಿ. ಎಮ್ಮಿ ಇಲ್ಲ. ಅಕ್ಕೋರು ಬಾಗಿಲ ಹಾಕ್ಕೊಂಡಾರ."

ಆಗಿದ್ದು ಇಷ್ಟು. ಬಾಗಿಲಿಗೆ ಬಂದಾಗ ಗಾಡಿಯ ಫೋನಿನಲ್ಲಿ ಜೋರಾಗಿ ಕಾಕಾ ಅವರ ದನಿ ಶುರುವಾಯಿತು: "ಅಕ್ಕೋರೆ, ಬರ್ರಿ. ಚೀಲ ತಗೊಂಡ್ರಿ?" ಅಕ್ಕೋರು "ತಗೊಂಡೀನಿ" ಎಂದು ಹೊರಬಂದರು. "ಪಾವಟಿಗಿ ಅದ, ಸಾವಕಾಶ ಇಳೀರಿ." ಮೆಟ್ಟಿಲು ಇಳಿದರು. ನಾವು ಧ್ವನಿ ಹಿಡಿದ ದಿನ ಅದೇ ಹೊತ್ತಿಗೆ ಓಣಿಯಲ್ಲಿ ಎಮ್ಮೆ ಓಡಿಬಂದಿತ್ತು, ನಾನು ಮರೆತೇಬಿಟ್ಟಿದ್ದೆ. ಫೋನು ಮರೆತಿರಲಿಲ್ಲ. "ಏ ಏ, ಹಿಂದ ಸರೀರಿ, ಒಳಗ ಹೋಗ್ರಿ, ಎಮ್ಮಿ ಬಂತು!" ಅಕ್ಕೋರು ಒಳಗೆ ಹೋಗಿ ಅಗಳಿ ಹಾಕಿದರು.

"ಎಮ್ಮಿ ಇಲ್ರಿ ಅಂತ ಎಷ್ಟು ಹೇಳಿದ್ರೂ ಕೇಳವಲ್ರು ಸರ. 'ನಿಮಗ ಈ ಓಣಿ ಹೊಸದು, ಕಾಕಾ ಹೇಳ್ಯಾರಂದ್ರ ಎಮ್ಮಿ ಬಂದೇ ಬಂದದ' ಅಂತಾರ."

ನಾನು ಕಾಕಾ ಅವರ ಮನೆಗೆ ಫೋನು ಹಚ್ಚಿದೆ. ಅವರು ನಗಲಿಲ್ಲ. ಅಕ್ಕೋರಿಗೆ ಫೋನು ಮಾಡಿ, "ಎಮ್ಮಿ ಹೋತು, ಬರ್ರಿ" ಎಂದರು. ಅಕ್ಕೋರು ಅಗಳಿ ತೆಗೆದರು. ಚುಕ್ಕಿ ಹೊರಟಿತು. ಹೊಸ ಡ್ರೈವರ್ ಆ ದಿನ ಚಹಾಕ್ಕೂ ನಿಲ್ಲಿಸದೆ ಹೋಗಿ ಸರದಿ ಉಳಿಸಿದರು. ಕಣ್ಣು ಮಸುಕಾದವರಿಗೆ ನನ್ನ ಚುಕ್ಕಿಯಿಂದ ಏನೂ ಆಗಬೇಕಿರಲಿಲ್ಲ. ಅವರು ಇಷ್ಟು ವರ್ಷ ಒಂದು ದನಿಯ ಕೈ ಹಿಡಿದು ಮೆಟ್ಟಿಲಿಳಿದಿದ್ದರು.

ಅಂದೇ ಸಂಜೆ ಅಕ್ಕೋರಿಗೆ ಎಲ್ಲ ಬಿಡಿಸಿ ಹೇಳಿದೆ: ಅದು ಫೋನಿನೊಳಗಿನ ಎಮ್ಮೆ, ಇನ್ನು ಮುಂದೆ ಅಂಜಬೇಡಿ. ಒಪ್ಪಿಕೊಂಡರು. ಈಗ ಬುಧವಾರ ಮುಂಜಾನೆ, ಇದನ್ನು ಬರೆಯುತ್ತಲೇ ಆ ಎಮ್ಮೆಯನ್ನು ಕತ್ತರಿಸಿ ತೆಗೆಯಲು ಕುಳಿತಿದ್ದೇನೆ. ಹೇಗೆ ತೆಗೆಯುತ್ತಾರೆಂದು ಹೇಳಿಬಿಡುತ್ತೇನೆ, ಸುಲಭ ಇದೆ. ಮೊದಲು ನಕ್ಷೆಯಲ್ಲಿ ಆ ಮನೆಯನ್ನು ಒತ್ತಬೇಕು. ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಧ್ವನಿ ಅಲೆಯಂತೆ ಕಾಣುತ್ತದೆ. ಕಾಕಾ ಸಾವಕಾಶ ಮಾತಾಡಿದಲ್ಲಿ ಸಣ್ಣ ಅಲೆ, ಎಮ್ಮೆ ಬಂದಲ್ಲಿ ದೊಡ್ಡದು. ದೊಡ್ಡ ಅಲೆಯ ಎಡತುದಿಯನ್ನು ಬೆರಳಿನಿಂದ ಹಿಡಿದು

ತಡೆಯಿರಿ, ಫೋನು ಬಂತು. ಹೊಸ ಡ್ರೈವರ್, ಭಂಕೂರದಿಂದ.

"ಸರ, ಓಡಿ ಬರ್ರಿ! ಇವತ್ತ ಖರೇನೇ ಎಮ್ಮಿ ಬಂದು ಪಾವಟಿಗಿ ಮುಂದ ನಿಂತದ. ಒಳಗ ಹೋಗ್ರಿ ಅಂದ್ರ ಅಕ್ಕೋರು, 'ಅಂಜಬ್ಯಾಡೋ ತಮ್ಮಾ, ಅದು ಫೋನಿನ್ಯಾಗಿನ ಎಮ್ಮಿ' ಅಂತ ನನಗೇ ಧೈರ್ಯ ಹೇಳಿ ಇಳೀಲಿಕತ್ತಾರ!"