ಹದಿಮೂರು ಸೆಲ್ಲು, ಒಬ್ಬ ಸ್ವಿಚ್ ಸಾಹೇಬರು

"ಭಾನುವಾರದೊಳಗೆ ಈ ಬ್ಯಾಟರಿ ರಿಪೇರಿ ಮಾಡಿ ಕೊಡದಿದ್ರೆ ನನ್ನ ಹೆಸರನ್ನೇ ಬದಲಾಯಿಸಿಬಿಡು!" ಎಂದು ಗರ್ಜಿಸಿ ಅವರು ಊಟದ ಮೇಜು ಗುದ್ದಿದರು. ಲೋಟ ಉರುಳಿತು.

ಹೆಂಡತಿ ಚೆಲ್ಲಿದ ನೀರನ್ನು ಒರೆಸುತ್ತ, "ಅದನ್ನ ಯಾವಾಗಲೋ ಬದಲಾಯಿಸಿ ಆಯ್ತಲ್ಲ" ಎಂದರು.

ನಿಜವೇ. ಮನೆಯಲ್ಲಿ ಅವರಿಗೆ ಸ್ವಿಚ್ ಸಾಹೇಬರು ಎಂದೇ ಹೆಸರು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಓಡಿಹೋಗಿ ಆರಿಸಿಯೇ ಅವರಿಗೆ ಸಮಾಧಾನ. ಹೆಂಡತಿ ಕನ್ನಡಿಯ ಮುಂದೆ ತಲೆ ಬಾಚುತ್ತಿರುವಾಗಲೇ ದೀಪ ಆರಿಸಿ, "ಓ, ನೀನು ಒಳಗಿದ್ದೀಯಾ?" ಎಂದು ಕೇಳಿದ್ದೂ ಉಂಟು. ಮೂವತ್ತೈದು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದ ಕೈ ಅದು. ಅಂಗಡಿ ಮುಚ್ಚಿ ಎಂಟು ವರ್ಷವಾದರೂ ಕೈ ಮಾತ್ರ ನಿವೃತ್ತಿಯಾಗಿರಲಿಲ್ಲ.

ಈ ಸಲ ಆ ಕೈಗೆ ಸಿಕ್ಕಿದ್ದು ಹೆಂಡತಿಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಆಕೆ ಐವತ್ತೆಂಟನೆಯ ವಯಸ್ಸಿನಲ್ಲಿ, ಎರಡೂ ಮೊಣಕಾಲು ತರಚಿಕೊಂಡು ಸ್ಕೂಟರ್ ಕಲಿತವರು. ಕೊಂಡಾಗ ಅರವತ್ತು ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ ಹದಿನೈದಕ್ಕೇ ಉಸ್ಸಪ್ಪಾ ಎಂದು ನಿಂತುಬಿಡುತ್ತಿತ್ತು. ಅದೂ ಮೀಟರಿನಲ್ಲಿ ಅರ್ಧ ಚಾರ್ಜ್ ತೋರಿಸುತ್ತಲೇ!

ಆಕೆಯ ಬಾಲ್ಯದ ಗೆಳತಿ ಇಪ್ಪತ್ತೆರಡು ಕಿಲೋಮೀಟರ್ ಆಚೆ ಇದ್ದಳು. ಶಾಲೆಯಲ್ಲಿ ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಗಿಣಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಸೋಮವಾರ ಆ ಗಿಣಿ ಮನೆ ಖಾಲಿ ಮಾಡಿ, ದೂರದ ತಂಗಿಯ ಊರಿಗೆ ಶಾಶ್ವತವಾಗಿ ಹೊರಡುವವಳಿದ್ದಳು.

"ಬಸ್ಸಲ್ಲಿ ಹೋಗಿಬಾರೇ" ಎಂದು ಸಾಹೇಬರು ಹೇಳಿ ನೋಡಿದ್ದರು.

"ನಾನು ಸ್ಕೂಟರ್ ಓಡಿಸ್ತೀನಿ ಅಂದ್ರೆ ಫೋನಲ್ಲೇ ಬಿದ್ದು ಬಿದ್ದು ನಕ್ಕಿದ್ದಾಳೆ ಕಣ್ರೀ. ಅವಳ ಬಾಗಿಲಲ್ಲಿ ಹಾರ್ನ್ ಹೊಡೀಬೇಕು ನಾನು! ಆಮೇಲೆ ಅವಳೆಲ್ಲೋ, ನಾನೆಲ್ಲೋ." ಕೊನೆಯ ಮಾತಿಗೆ ಆಕೆಯ ದನಿ ಸ್ವಲ್ಪ ತಗ್ಗಿತು. ಅದಕ್ಕೇ ಸಾಹೇಬರು ಮೇಜು ಗುದ್ದಿದ್ದು.

ಕಿರಿಯ ಮಗಳು ಬ್ಯಾಟರಿ ರಿಪೇರಿ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದಳು. "ಗುರುವಾರ ಸಂಜೆ ನಾನೇ ಬಂದು ನೋಡ್ತೀನಿ, ಅಲ್ಲೀವರೆಗೂ ಮುಟ್ಟಬೇಡ ಅಪ್ಪಾ" ಎಂದು ಫೋನಿನಲ್ಲಿ ಕೈಮುಗಿದು ಹೇಳಿದ್ದಳು. ಆದರೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಆಕೆಗೆ ಕಲಿಸಿದ್ದು ಯಾರು? ಶಿಷ್ಯೆಗಾಗಿ ಗುರು ಕಾದು ಕೂರುವುದೇ? ಛೆ!

ಗುರುವಾರ ಮಧ್ಯಾಹ್ನ ಸಾಹೇಬರು ಹನ್ನೊಂದು ಕಿಲೋ ತೂಕದ ಬ್ಯಾಟರಿಯನ್ನು ಎತ್ತಿ ಎದೆಗವಚಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ ಏದುಸಿರು ಬಿಡುತ್ತ, ತಾರಸಿಗೆ ಹೊತ್ತರು. ಹಳೆಯ ಪೇಪರ್ ಹಾಸಿ, ಸುಡುಬಿಸಿಲಲ್ಲಿ ಮಲಗಿಸಿದರು.

"ಬಟ್ಟೆ ಒಣಗಿಸೋದು ನೋಡಿದ್ದೆ, ಬ್ಯಾಟರಿ ಒಣಗಿಸೋದು ಇವತ್ತೇ ನೋಡ್ತಿರೋದು!" ಎಂದರು ಹೆಂಡತಿ.

"ನಿನಗೇನು ಗೊತ್ತು? ಟಾರ್ಚ್ ಸೆಲ್ಲು, ರೇಡಿಯೋ ಸೆಲ್ಲು ಎಲ್ಲ ಬಿಸಿಲು ಕುಡಿದೇ ಎದ್ದು ಕೂತಿದ್ದು. ಇದೂ ಸೆಲ್ಲೇ ತಾನೇ? ಜಾತಿ ಒಂದೇ!"

ಮೂರು ಗಂಟೆಗೆ ಕೆಳಗಿಳಿಸಿ ಸ್ಕೂಟರಿಗೆ ಹಾಕಿದರೆ, ಇದ್ದಬದ್ದ ದೀಪವೂ ಇಲ್ಲ! ಹದಿನೈದು ಕಿಲೋಮೀಟರ್ ಹೋಗುತ್ತಿದ್ದದ್ದು ಈಗ ಗೇಟಿನವರೆಗೂ ಹೋಗದು. ಸಾಹೇಬರು ಬ್ಯಾಟರಿಯನ್ನು ಮತ್ತೆ ಕಳಚಿ ಒಳಕ್ಕೆ ತಂದು, ಮೇಜಿನ ಮೇಲೆ ಮಲಗಿಸಿ, ಫ್ಯಾನ್ ಹಚ್ಚಿ, ಒದ್ದೆ ಟವೆಲ್ಲಿಗಾಗಿ ಬಚ್ಚಲಿಗೆ ಓಡಿದರು. ತಿರುಗಿ ಬರುವಷ್ಟರಲ್ಲಿ, ಹೇಳಿದ್ದಕ್ಕಿಂತ ಮೊದಲೇ ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ! ಟವೆಲ್ ಕೆಳಗಿಡು! ಮೊದಲು ಕೆಳಗಿಡು!"

"ಜ್ವರ ಬಂದಿದೆ ಕಣೇ ಅದಕ್ಕೆ..."

"ಜ್ವರ ಬರಿಸಿದ್ದು ಯಾರು?"

ಒಂದೂವರೆ ಗಂಟೆ ನೆರಳಲ್ಲಿ ತಣ್ಣಗಾದ ಮೇಲೆ ಬ್ಯಾಟರಿ ತಾನಾಗಿಯೇ ಕಣ್ಣು ಬಿಟ್ಟಿತು. ಒಳಗೆ ಸೆಲ್ಲುಗಳನ್ನು ಕಾಯುವ ಹಸಿರು ಬೋರ್ಡು ಕಾವು ಹೆಚ್ಚಿದ್ದಕ್ಕೆ ಎಲ್ಲವನ್ನೂ ಬಂದ್ ಮಾಡಿತ್ತಂತೆ. "ಅದು ಬಾಗಿಲು ಹಾಕ್ಕೊಂಡು ಕೂತಿದ್ದಕ್ಕೆ ಬದುಕ್ತು. ನಿನಗಿಂತ ಅದಕ್ಕೇ ಬುದ್ಧಿ ಜಾಸ್ತಿ" ಎಂದ ಮಗಳು ಮೊಬೈಲಿನಲ್ಲಿ ಸೆಲ್ಲಿಗೊಂದರಂತೆ ಸಾಲಾಗಿ ಹದಿಮೂರು ವೋಲ್ಟ್ ಅಂಕಿ ತೋರಿಸಿದಳು. ಹನ್ನೆರಡು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಒಂಬತ್ತನೆಯದು ಮಾತ್ರ ಬಹಳ ಕೆಳಗಿತ್ತು.

"ಕೆಟ್ಟಿದೆ, ಕಿತ್ತು ಬಿಸಾಕು!" ಎಂದರು ಸಾಹೇಬರು, ಹಳೆಯ ಗತ್ತಿನಲ್ಲಿ.

"ಕೆಟ್ಟಿಲ್ಲ, ಹಿಂದೆ ಬಿದ್ದಿದೆ. ಹದಿಮೂರು ಜನ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ ಅಂದ್ಕೋ. ಒಬ್ಬನಿಗೆ ಹೊಟ್ಟೆ ತುಂಬಿದ ಕೂಡಲೇ ಬಡಿಸೋದು ನಿಲ್ಲತ್ತೆ. ಹೊಟ್ಟೆ ಅರ್ಧ ಆದವನೂ ಏಳಬೇಕು. ಆಮೇಲೆ ದಾರೀಲಿ ಆ ಒಬ್ಬ ಸುಸ್ತಾದ್ರೆ ಹದಿಮೂರೂ ಜನ ನಿಲ್ಲಬೇಕು. ಹೀಗಾಗಬಾರದು ಅಂತಲೇ ಈ ಬೋರ್ಡು ಇರೋದು. ಮೊದಲು ತುಂಬಿದವರದ್ದು ಚೂರುಚೂರೇ ಬಿಸಿ ಮಾಡಿ ಕರಗಿಸತ್ತೆ, ಹಿಂದೆ ಬಿದ್ದವನಿಗೆ ಇನ್ನಷ್ಟು ಬಡಿಸತ್ತೆ. ಆದರೆ ನೂರು ಅಂತ ತೋರಿಸಿದ ಮೇಲೂ ಪ್ಲಗ್ಗು ಹಾಗೇ ಇರಬೇಕು. ಆಗಲೇ ಅದರ ಕೆಲಸ ನಡೆಯೋದು. ಅಮ್ಮಾ, ಚಾರ್ಜ್ ಆದ ಮೇಲೆ ಸ್ವಲ್ಪ ಹೊತ್ತು ಬಿಡ್ತೀಯ ತಾನೇ?"

ಅಮ್ಮ ಗಂಡನ ಕಡೆ ನೋಡಿದರು. ಸಾಹೇಬರು ಸೂರಿನ ಕಡೆ ನೋಡಿದರು.

"ನೂರಾದ ಮೇಲೂ ಬ್ಯಾಟರಿ ಪೆಟ್ಟಿಗೆ ಬೆಚ್ಚಗಿರ್ತಿತ್ತು" ಎಂದರು ಕೊನೆಗೆ, ಕಳ್ಳನ ದನಿಯಲ್ಲಿ. "ಕರೆಂಟ್ ದಂಡ ಆಗ್ತಿದೆ ಅಂತ... ದಿನಾ ನಾನೇ ಪಟಕ್ ಅಂತ ತೆಗೀತಿದ್ದೆ. ಎರಡು ವರ್ಷದಿಂದ."

ಮಗಳು ಹಣೆ ಚಚ್ಚಿಕೊಂಡಳು. ಶುಕ್ರವಾರ ಬೆಳಿಗ್ಗೆಯಿಂದ ಶನಿವಾರ ಸಂಜೆಯವರೆಗೆ ಪ್ಲಗ್ಗು ತೆಗೆಯುವಂತಿಲ್ಲ, ಮುಟ್ಟುವಂತಿಲ್ಲ, ಬಳಿಯಲ್ಲಿ ಯಾರಾದರೂ ಕಾವಲಿರಬೇಕು ಎಂದು ಆಜ್ಞೆಯಾಯಿತು. ಕಾವಲಿಗೆ ಯಾರು? ಅಪರಾಧಿಯೇ!

ಅಯ್ಯೋ, ಆ ಎರಡು ದಿನ! ಕೆಂಪು ಸ್ವಿಚ್ಚು ಕಣ್ಣೆದುರೇ ಮಿನುಗುತ್ತಿತ್ತು. ಸಾಹೇಬರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಎದ್ದರು. ಕೂತರು. ಬೆರಳು ತಾನಾಗಿಯೇ ಗೋಡೆಯ ಕಡೆ ಹೊರಟಾಗ ಒಳಗಿನಿಂದ "ರೀ!" ಎಂಬ ಗುಡುಗು ಕೇಳಿಬರುತ್ತಿತ್ತು.

ಶನಿವಾರ ಮಧ್ಯಾಹ್ನ ಹೆಂಡತಿ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತರು. "ನೆನಪಿದೆಯಾ, ಅಂಗಡಿ ಮೇಲಿನ ಒಂದೇ ಕೋಣೇಲಿ ಇದ್ದಾಗ? ಹಾಡು ಬರ್ತಾ ಬರ್ತಾ ರೇಡಿಯೋ ದನಿ ಸಣ್ಣಗಾಗ್ತಿತ್ತು. ನೀವು ನಾಲ್ಕೂ ಸೆಲ್ ತೆಗೆದು ಕಿಟಕಿ ಮೇಲೆ ಬಿಸಿಲಿಗಿಡ್ತಿದ್ರಿ."

"ಹೊಸ ಸೆಲ್ ತರೋಕೆ ಆಗ್ತಿರಲಿಲ್ಲ ಕಣೇ."

"ನಾನೇನು ದೂರ್ತಿದ್ದೀನಾ? ಸಂಜೆ ಅರ್ಧ ಹಾಡಿಗಾದರೂ ದನಿ ಬರ್ತಿತ್ತು. ಉಳಿದರ್ಧ ನೀವೇ ಹಾಡ್ತಿದ್ರಿ. ಗಿಣಿ ಕೆಳಗೆ ರಸ್ತೇಲಿ ನಿಂತು, ರೇಡಿಯೋ ರಿಪೇರಿ ಮಾಡಿ ಸ್ವಾಮೀ, ಯಾರೋ ಒದರ್ತಿದ್ದಾರೆ ಅಂತ ಕೂಗೋಳು!"

ಇಬ್ಬರೂ ನಕ್ಕರು. ಆ ಕೋಣೆ, ಆ ಕಿಟಕಿ, ಇಪ್ಪತ್ತೆರಡರ ಹುಡುಗಿಯ ತಾಳ ಹಾಕುವ ಬೆರಳು ಎಲ್ಲವೂ ಸಾಹೇಬರ ಕಣ್ಣ ಮುಂದೆ ಬಂದು ನಿಂತವು. ಎಷ್ಟು ಬೇಗ ಹೋಯಿತು ಕಾಲ! ಒಂದು ತಾಸು ಅವರಿಗೆ ಸ್ವಿಚ್ಚಿನ ನೆನಪೇ ಬರಲಿಲ್ಲ.

ಸಂಜೆ ಮಗಳು ಬಂದು ನೋಡಿದಾಗ ಒಂಬತ್ತನೆಯ ಸೆಲ್ಲು ಉಳಿದ ಹನ್ನೆರಡರ ಸಾಲಿಗೆ ಬಂದು ನಿಂತಿತ್ತು.

ಭಾನುವಾರ ಬೆಳಿಗ್ಗೆ ಹೊರಟ ಹೆಂಡತಿ, ಸಾಹೇಬರು ಗೇಟಿಗೂ ಜಗುಲಿಗೂ ನೂರು ಸಲ ಓಡಾಡಿದ ಮೇಲೆ, ಸಂಜೆ ಹಾರ್ನ್ ಹೊಡೆಯುತ್ತ ಬಂದಿಳಿದರು. ಅತ್ತು ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಅರಳಿತ್ತು. ನಲವತ್ತನಾಲ್ಕು ಕಿಲೋಮೀಟರ್, ಒಂದು ಕಡೆಯೂ ನಿಂತಿಲ್ಲ!

ಸಾಹೇಬರ ಎದೆ ಉಬ್ಬಿತು. ಮೀಸೆ ತೀಡುತ್ತ ಮೆಲ್ಲಗೆ ಕೇಳಿದರು: "ಗಿಣಿ ಕೇಳಿರಬೇಕಲ್ಲ, ಬ್ಯಾಟರಿ ಸರಿ ಮಾಡಿದ್ದು ಯಾರು ಅಂತ?"

"ಕೇಳಿದಳು. ನಮ್ಮನೆಯೋರು ಎರಡು ದಿನ ಏನೂ ಮುಟ್ಟದೆ ಕೈಕಟ್ಟಿ ಕೂತಿದ್ರು, ಅದಕ್ಕೇ ಸರಿಹೋಯ್ತು ಅಂತ ಇದ್ದದ್ದನ್ನ ಇದ್ದ ಹಾಗೇ ಹೇಳಿದೆ."

"ಅದಕ್ಕೇನಂದಳು?"

ಹೆಂಡತಿ ಹೆಲ್ಮೆಟ್ ತೆಗೆದು ಅವರ ಕೈಗಿತ್ತರು.

"ನಾನು ಸ್ಕೂಟರ್ ಓಡಿಸಿದ್ದನ್ನ ನಂಬಿದಳು. ಅದು ನಲವತ್ತನಾಲ್ಕು ಕಿಲೋಮೀಟರ್ ಓಡತ್ತೆ ಅನ್ನೋದನ್ನೂ ನಂಬಿದಳು. ನೀವು ಎರಡು ದಿನ ಸುಮ್ಮನೆ ಕೂತಿದ್ರಿ ಅನ್ನೋದನ್ನ ಮಾತ್ರ, ಆಣೆ ಇಟ್ಟು ಹೇಳಿದ್ರೂ ನಂಬಲಿಲ್ಲ ಕಣ್ರೀ!"